ಕ್ರೋಮ್ ಒಂದಿದ್ದರೆ ಸಾಲದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಬ್ರೌಸರ್ ಬಗ್ಗೆಯೇ ಇದ್ದವು. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಝೆರಾಕ್ಸ್ ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ನನ್ನದು. ಮೂರು ಕಂಪ್ಯೂಟರ್, ಎಲ್ಲಾ 4 ಜಿಬಿ ರ‍್ಯಾಮ್‌ನವು. ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಮೌಸ್ ಕೂಡ ಅಲುಗಾಡುವುದಿಲ್ಲ. ಎಡ್ಜ್ ಹಾಕಿದರೆ ಫಾಸ್ಟ್ ಆಗುತ್ತೆ ಅಂತಾರೆ, ಹೌದಾ?
– ಅಂಗಡಿ ಮಾಲೀಕರು, ಹಳೇ ಹುಬ್ಬಳ್ಳಿ

ಉತ್ತರ: ಸ್ವಲ್ಪ ಫರಕ್ ಬೀಳಬಹುದು, ಪವಾಡ ಆಗಲ್ಲ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಇವೆಲ್ಲ ಒಂದೇ ಚಾಸಿ ಮೇಲೆ ಬೇರೆ ಬೇರೆ ಬಾಡಿ ಕಟ್ಟಿಸಿದ ಬಸ್ಸುಗಳು. ಆ ಚಾಸಿಯ ಹೆಸರು ಕ್ರೋಮಿಯಂ. ಅದನ್ನು ಮುಖ್ಯವಾಗಿ ನೋಡಿಕೊಳ್ಳುವುದು ಗೂಗಲ್. 2015ರಲ್ಲಿ ಎಡ್ಜ್ ಬಂದಾಗ ಅದರೊಳಗೆ ಮೈಕ್ರೋಸಾಫ್ಟ್‌ನ ಸ್ವಂತ ಇಂಜಿನ್ (ವೆಬ್ ಪುಟ ತೆರೆದು ತೋರಿಸುವ ಒಳಭಾಗ) ಇತ್ತು. ಜನ ಬಳಸಲಿಲ್ಲ. 2020ರ ಜನವರಿಯಲ್ಲಿ ಅವರೂ ಕ್ರೋಮಿಯಂಗೇ ಬಂದರು. ಹೆಚ್ಚು ಜನ ಬಳಸುವವುಗಳಲ್ಲಿ ನಿಜವಾಗಿ ಬೇರೆ ಇಂಜಿನ್ ಇರುವುದು ಫೈರ್‌ಫಾಕ್ಸ್ ಮತ್ತು ಆಪಲ್‌ನ ಸಫಾರಿಗೆ ಮಾತ್ರ.

ಹಾಗಾಗಿ ಮೊದಲು ಇರುವ ಕ್ರೋಮ್‌ನಲ್ಲೇ ಕೆಲಸ ತೆಗೆಯಿರಿ. ಸೆಟ್ಟಿಂಗ್ಸ್‌ಗೆ ಹೋಗಿ, ಪರ್ಫಾರ್ಮೆನ್ಸ್ ಒತ್ತಿದರೆ ಮೆಮೊರಿ ಸೇವರ್ ಸಿಗುತ್ತದೆ. ಆನ್ ಮಾಡಿ. ಮುಟ್ಟದೆ ಬಿಟ್ಟ ಟ್ಯಾಬ್‌ಗಳನ್ನು ಅದು ಮಲಗಿಸುತ್ತದೆ, ಮತ್ತೆ ಒತ್ತಿದಾಗ ಪುಟ ಹೊಸದಾಗಿ ತೆರೆದುಕೊಳ್ಳುತ್ತದೆ. ಅರ್ಧ ತುಂಬಿದ ಅರ್ಜಿ ಇರುವ ಟ್ಯಾಬನ್ನು ಮಲಗಿಸದಂತೆ ನೋಡಿಕೊಳ್ಳುತ್ತದೆ. ಆದರೂ ನೀವು ದಿನಾ ಬಳಸುವ ಸರ್ಕಾರಿ ಪೋರ್ಟಲ್‌ಗಳ ವಿಳಾಸವನ್ನು ಅಲ್ಲೇ ಕೆಳಗಿರುವ ‘ಯಾವಾಗಲೂ ಆ್ಯಕ್ಟಿವ್ ಇರಲಿ’ ಎಂಬ ಪಟ್ಟಿಗೆ ಸೇರಿಸಿಬಿಡಿ. ಅಂದಹಾಗೆ ಇಂಥದ್ದೇ ಸೌಲಭ್ಯ ಎಡ್ಜ್‌ಗೆ 2021ರಲ್ಲೇ ಬಂದಿತ್ತು. ಕ್ರೋಮ್ ತಂದದ್ದು 2022ರ ಕೊನೆಗೆ. ಪಕ್ಕದವನು ಮಾಡಿದ ಅಂತ ಇವರೂ ಮಾಡಿದರು. ನಮಗೆ ಲಾಭ.

ಇನ್ನೊಂದು. ಕ್ರೋಮ್ ತೆರೆದಿರುವಾಗ ಶಿಫ್ಟ್ ಮತ್ತು ಎಸ್ಕೇಪ್ ಕೀಲಿ ಒಟ್ಟಿಗೆ ಒತ್ತಿ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಪಟ್ಟಿ ಬರುತ್ತದೆ. ಎಷ್ಟೋ ಸಲ ಕಳ್ಳ ಟ್ಯಾಬ್ ಅಲ್ಲ, ಯಾವಾಗಲೋ ಯಾರೋ ಹಾಕಿಹೋದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಆಗಿರುತ್ತದೆ. ಬೇಡವಾದ್ದನ್ನೆಲ್ಲ ಕಿತ್ತುಹಾಕಿ.

ನೀವು ಕೇಳದ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮಂಥ ಅಂಗಡಿಗೆ ಸ್ಪೀಡ್‌ಗಿಂತ ಇದು ಮುಖ್ಯ. ಗಿರಾಕಿ ಬಂದು ತನ್ನ ಜಿಮೇಲ್ ತೆರೆದು ಹಾಗೇ ಎದ್ದು ಹೋಗುತ್ತಾನೆ, ಅಲ್ವಾ? ಕ್ರೋಮ್‌ನ ಬಲತುದಿಯಲ್ಲಿರುವ ಗುಂಡನೆಯ ಪ್ರೊಫೈಲ್ ಚಿತ್ರ ಒತ್ತಿದರೆ ‘ಗೆಸ್ಟ್’ ಅಂತ ಸಿಗುತ್ತದೆ. ಪ್ರತಿ ಗಿರಾಕಿಗೂ ಆ ಕಿಟಕಿಯನ್ನೇ ತೆರೆದುಕೊಡಿ. ಮುಚ್ಚಿದ ಕೂಡಲೇ ಲಾಗಿನ್, ಹಿಸ್ಟರಿ ಎಲ್ಲಾ ಅಳಿದುಹೋಗುತ್ತದೆ. ಆದರೆ ಡೌನ್‌ಲೋಡ್ ಆದ ಫೈಲ್ ಅಳಿಯುವುದಿಲ್ಲ! ಒಮ್ಮೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಒಬ್ಬರ ಪಹಣಿ, ಇನ್ನೊಬ್ಬರ ಜಾತಿ ಪ್ರಮಾಣಪತ್ರ, ಯಾರದೋ ಮಗಳ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಎಲ್ಲಾ ಅಲ್ಲೇ ಬಿದ್ದಿರುತ್ತದೆ. ಸಂಜೆ ಅಂಗಡಿ ಮುಚ್ಚುವ ಮುಂಚೆ ಅದನ್ನು ಖಾಲಿ ಮಾಡಿ, ರೀಸೈಕಲ್ ಬಿನ್ನನ್ನೂ ಬರಿದು ಮಾಡಿ. ಯಾವ ಬ್ರೌಸರ್‌ಗೆ ಬದಲಾದರೂ ಈ ಕೆಲಸ ನಿಮ್ಮದೇ.

ಪ್ರಶ್ನೆ: ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ವಿಷಯಕ್ಕೊಂದು ಟ್ಯಾಬ್ ತೆರೆದು ಈಗ ಐವತ್ತಕ್ಕೂ ಜಾಸ್ತಿ ಆಗಿವೆ. ಯಾವುದು ಎಲ್ಲಿದೆ ಗೊತ್ತಾಗಲ್ಲ, ಮುಚ್ಚಲು ಮನಸ್ಸೂ ಬರಲ್ಲ. ಬ್ರೌಸರ್‌ನಲ್ಲಿ ಹೊಸದಾಗಿ ಚಲೋ ಸೌಲಭ್ಯ ಏನಾದರೂ ಬಂದಿದೆಯಾ ಸರ್?
– ವಿದ್ಯಾರ್ಥಿ, ಧಾರವಾಡ

ಉತ್ತರ: ಟ್ಯಾಬ್‌ಗಳನ್ನು ಮೇಲಿನಿಂದ ಪಕ್ಕಕ್ಕೆ ತನ್ನಿ. ಮೇಲೆ ಐವತ್ತು ಟ್ಯಾಬ್ ಇದ್ದರೆ ಬರೀ ಚುಕ್ಕೆ ಕಾಣುತ್ತವೆ. ಎಡಪಕ್ಕದಲ್ಲಿ ಒಂದರ ಕೆಳಗೊಂದು ಇಟ್ಟರೆ ಪುಟದ ಹೆಸರು ಓದಬಹುದು. ಎಡ್ಜ್‌ನಲ್ಲಿ ಇದು 2021ರಿಂದ ಇದೆ. ಫೈರ್‌ಫಾಕ್ಸ್‌ಗೆ 2025ರ ಮಾರ್ಚ್‌ನಲ್ಲಿ ಬಂತು. ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ‘ವರ್ಟಿಕಲ್ ಟ್ಯಾಬ್ಸ್’ ಆರಿಸಿಕೊಂಡರೆ ಆಯಿತು. ಲ್ಯಾಪ್‌ಟಾಪ್ ಪರದೆ ಅಗಲ ಜಾಸ್ತಿ, ಎತ್ತರ ಕಡಿಮೆ. ಹಾಗಾಗಿ ಓದುವ ಪುಟಕ್ಕೂ ಜಾಗ ಸಿಗುತ್ತದೆ.

ಆಮೇಲೆ ಗುಂಪು ಮಾಡಿ. ಇತಿಹಾಸದ ಟ್ಯಾಬ್‌ಗಳೆಲ್ಲ ಒಂದು ಬಣ್ಣ, ಸಂವಿಧಾನದವು ಇನ್ನೊಂದು. ಈಗ ಬೇಡವಾದ ಗುಂಪನ್ನು ಮಡಚಿಡಬಹುದು. ಕ್ರೋಮ್‌ಗೆ ಈ ಸೌಲಭ್ಯ ಬಂದದ್ದು 2020ರಲ್ಲಿ. ಫೈರ್‌ಫಾಕ್ಸ್ ಕಥೆ ಮಜವಾಗಿದೆ. ಅದರಲ್ಲಿ 2011ರಲ್ಲೇ ಟ್ಯಾಬ್ ಗುಂಪು ಇತ್ತು. ಬಳಸುವವರು ಕಡಿಮೆ ಅಂತ 2016ರಲ್ಲಿ ತೆಗೆದುಹಾಕಿದರು. ಉಳಿದವರೆಲ್ಲ ಅದನ್ನೇ ತಂದು ಹೆಸರು ಮಾಡಿದ ಮೇಲೆ 2025ರಲ್ಲಿ ಮತ್ತೆ ತಂದರು.

ಹುಡುಕಲು ಕ್ರೋಮ್, ಎಡ್ಜ್ ಎರಡರಲ್ಲೂ ಕಂಟ್ರೋಲ್, ಶಿಫ್ಟ್, ಎ ಒತ್ತಿ ಹೆಸರಿನ ಒಂದು ಪದ ಟೈಪ್ ಮಾಡಿ. ತಪ್ಪಿ ಮುಚ್ಚಿದ ಟ್ಯಾಬ್ ವಾಪಸ್ ಬೇಕಾದರೆ ಕಂಟ್ರೋಲ್, ಶಿಫ್ಟ್, ಟಿ. ಇದು ಹಳೆಯದೇ, ಆದರೂ ಗೊತ್ತಿಲ್ಲದವರು ಬಹಳ ಜನ. ಇದು ಗೊತ್ತಿದ್ದರೆ ಟ್ಯಾಬ್ ಮುಚ್ಚಲು ಹೆದರಿಕೆಯೂ ಇರಲ್ಲ.

ನಿಮಗೆ ನಿಜವಾಗಿ ಉಪಯೋಗ ಆಗುವುದು ಎಡ್ಜ್‌ನ ‘ರೀಡ್ ಅಲೌಡ್’. ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಅದು ಓದಿ ಹೇಳುತ್ತದೆ. ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ಧ್ವನಿಗಳಿವೆ. ನಮ್ಮ ಕಡೆಯ ಧಾಟಿ ಸಿಗಲ್ಲ, ಬೆಂಗಳೂರಿನ ವಾರ್ತೆ ಕೇಳಿದಂತಿರುತ್ತದೆ. ಆದರೆ ಅಡುಗೆ ಮಾಡುತ್ತಾ, ಬಟ್ಟೆ ಒಗೆಯುತ್ತಾ ಒಂದು ಲೇಖನ ಕೇಳಿ ಮುಗಿಸಬಹುದು. ಇಂಟರ್ನೆಟ್ ಬೇಕು. ಪಿಡಿಎಫ್ ಕೂಡ ಓದುತ್ತದೆ, ಆದರೆ ಸ್ಕ್ಯಾನ್ ಮಾಡಿದ ನೋಟ್ಸ್ ಬರೀ ಚಿತ್ರವಾದ್ದರಿಂದ ನೇರವಾಗಿ ಓದಲು ಬರಲ್ಲ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್ ಆದರೆ ಗೊಣಗೊಣ ಅಂತ ಏನೇನೋ ಹೇಳುತ್ತದೆ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮದು ಪ್ರಿಂಟಿಂಗ್ ಪ್ರೆಸ್. ಟೆಂಡರ್ ಹಾಕುವ ಒಂದು ಹಳೇ ವೆಬ್‌ಸೈಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲದೆ ತೆರೆಯುವುದೇ ಇಲ್ಲ. ಇನ್ನು ಕೆಲವು ಹಳೇ ಕನ್ನಡ ಸೈಟ್‌ಗಳಲ್ಲಿ ಅಕ್ಷರ ಎಲ್ಲಾ ಕಲಸುಮೇಲೋಗರ. ಯಾವ ಬ್ರೌಸರ್ ಹಾಕಲಿ?
– ಮುದ್ರಕರು, ಗದಗ

ಉತ್ತರ: ಮೊದಲನೆಯದಕ್ಕೆ ಎಡ್ಜ್. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು. ಆದರೆ ಅದರ ಇಂಜಿನ್ನನ್ನು ಎಡ್ಜ್‌ನೊಳಗೆ ಇಟ್ಟುಕೊಂಡಿದ್ದಾರೆ. ಕನಿಷ್ಠ 2029ರವರೆಗೆ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಎಡ್ಜ್ ಸೆಟ್ಟಿಂಗ್ಸ್‌ನಲ್ಲಿ ‘ಡಿಫಾಲ್ಟ್ ಬ್ರೌಸರ್’ ಭಾಗಕ್ಕೆ ಹೋಗಿ, ಎಕ್ಸ್‌ಪ್ಲೋರರ್ ಮೋಡ್‌ನಲ್ಲಿ ತೆರೆಯಲು ‘ಅಲೋ’ ಕೊಟ್ಟು, ಬ್ರೌಸರ್ ಮುಚ್ಚಿ ತೆರೆಯಿರಿ. ಆಮೇಲೆ ಅದೇ ಭಾಗದಲ್ಲಿರುವ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್ ಪೇಜಸ್’ ಪಟ್ಟಿಗೆ ಆ ಸೈಟಿನ ವಿಳಾಸ ಸೇರಿಸಿ, ಸೈಟ್ ಮತ್ತೆ ತೆರೆಯಿರಿ. ಪಟ್ಟಿಗೆ ಸೇರಿಸಿದರೂ ಅದು 30 ದಿನ ಮಾತ್ರ ನೆನಪಿಡುತ್ತದೆ. ತಿಂಗಳಾದ ಮೇಲೆ ಸೈಟ್ ಕೈಕೊಟ್ಟರೆ ಗಾಬರಿಯಾಗಿ ಟೆಕ್ನಿಶಿಯನ್ ಕರೆಸಬೇಡಿ, ಇದೇ ಕೆಲಸ ಮತ್ತೊಮ್ಮೆ ಮಾಡಿ. ಟೆಂಡರ್‌ನ ಕೊನೇ ದಿನವೇ ಈ 30 ದಿನ ಮುಗಿದಿರುತ್ತದೆ, ಅದು ಬೇರೆ ಮಾತು!

ಎರಡನೆಯದು ಬ್ರೌಸರ್ ತಪ್ಪಲ್ಲ. ಡಿಟಿಪಿ ಮಾಡುವ ನಿಮಗೆ ಬೇಗ ಅರ್ಥವಾಗುತ್ತದೆ. ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೆರೆ, ಚುಕ್ಕೆ ಹಾಕಿದಂಥದ್ದು ಕಾಣುತ್ತದೆ. ಓದಿ ಹೇಳುವ ಯಂತ್ರಕ್ಕೂ, ಅನುವಾದಕ್ಕೂ, ಹುಡುಕಾಟಕ್ಕೂ ಅದು ಕನ್ನಡವೇ ಅಲ್ಲ. ಆ ಪಠ್ಯವನ್ನು ಕಾಪಿ ಮಾಡಿ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಇರುವ ಪದ್ಧತಿ) ಬದಲಿಸಿಕೊಳ್ಳುವುದೊಂದೇ ದಾರಿ. ನಿಮ್ಮ ಪ್ರೆಸ್‌ನಿಂದ ಗಿರಾಕಿಗಳ ವೆಬ್‌ಸೈಟಿಗೆ ಮ್ಯಾಟರ್ ಕೊಡುವಾಗ ಯೂನಿಕೋಡ್‌ನಲ್ಲೇ ಕೊಡಿ.

ಪ್ರಶ್ನೆ: ಮೆಣಸಿನಕಾಯಿ ರೇಟ್ ನೋಡಲು ಯಾವುದೋ ಸೈಟ್ ತೆರೆದೆ. ಅವತ್ತಿನಿಂದ ದಿನವಿಡೀ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’, ‘ಲಾಟರಿ ಹೊಡೆದಿದೆ’ ಅಂತ ಮೆಸೇಜ್. ಫೋನ್ ಫಾರ್ಮ್ಯಾಟ್ ಮಾಡಿಸಬೇಕಾ?
– ದಲಾಲಿ ಅಂಗಡಿಯವರು, ಬ್ಯಾಡಗಿ

ಉತ್ತರ: ಬೇಡ ಸಾಹುಕಾರರೇ. ಬಹುತೇಕ ಇದು ವೈರಸ್ ಅಲ್ಲ. ಸೈಟ್ ತೆರೆದಾಗ ‘ನೋಟಿಫಿಕೇಶನ್ ಕಳಿಸಲಾ?’ ಅಂತ ಕೇಳಿರುತ್ತದೆ, ಅವಸರದಲ್ಲಿ ‘ಅಲೋ’ ಒತ್ತಿರುತ್ತೀರಿ. ಕ್ರೋಮ್‌ನ ಮೂರು ಚುಕ್ಕೆ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರುಗಳನ್ನೆಲ್ಲ ಬ್ಲಾಕ್ ಮಾಡಿ. ಮೆಸೇಜ್ ನಿಲ್ಲುತ್ತದೆ. ಆ ಮೆಸೇಜ್ ಒತ್ತಿ ಯಾವುದಾದರೂ ಆ್ಯಪ್ ಹಾಕಿಕೊಂಡಿದ್ದರೆ ಅದನ್ನು ಮೊದಲು ತೆಗೆಯಿರಿ.

ದುಡ್ಡಿನ ವ್ಯವಹಾರ ಮಾಡುವವರು ಇನ್ನೊಂದನ್ನು ಗಮನಿಸಿ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ನಮ್ಮ ಬ್ಯಾಂಕುಗಳೆಲ್ಲ ತಮ್ಮ ವೆಬ್ ವಿಳಾಸವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಿಸಬೇಕಿತ್ತು, ಗಡುವು 2025ರ ಅಕ್ಟೋಬರ್ 31. ಬ್ಯಾಂಕ್ ಅಲ್ಲದವರಿಗೆ ಈ ವಿಳಾಸ ಸಿಗಲ್ಲ. ಹೆಸರಿನ ಕೊನೆ ನೋಡಿ, ಆಮೇಲೆ ಪಾಸ್‌ವರ್ಡ್ ಹಾಕಿ. ಬ್ರೌಸರ್‌ನಲ್ಲೇ ಪಾಸ್‌ವರ್ಡ್ ಉಳಿಸಿಟ್ಟಿದ್ದರೆ ಅದೂ ಒಂದು ಕಾವಲು: ನಕಲಿ ಸೈಟ್‌ನಲ್ಲಿ ವಿಳಾಸ ಹೊಂದದ ಕಾರಣ ಅದು ತಾನಾಗಿ ತುಂಬುವುದಿಲ್ಲ. ತುಂಬಲಿಲ್ಲ ಅಂತ ಕೈಯಿಂದ ಟೈಪ್ ಮಾಡುವ ಮುಂಚೆ ಒಂದು ಕ್ಷಣ ನಿಲ್ಲಿ. ದುಡ್ಡು ಹೋಗೇಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಬ್ರೌಸರ್‌ಗೆ ನಾವು ಒಂದು ಪೈಸೆ ಕೊಡುವುದಿಲ್ಲ. ಆದರೂ ದೊಡ್ಡ ದೊಡ್ಡ ಕಂಪನಿಗಳು ಅದಕ್ಕಾಗಿ ಕೋರ್ಟಿನವರೆಗೆ ಹೋಗಿ ಕಿತ್ತಾಡುತ್ತವೆ. ಇದರಲ್ಲಿ ಅವರಿಗೇನು ಸಿಗುತ್ತದೆ? ನಮ್ಮ ದೇಶದ್ದೇ ಬ್ರೌಸರ್ ಇಲ್ಲವೇ?
– ಓದುಗರು, ಬೆಟಗೇರಿ, ಗದಗ

ಉತ್ತರ: ಅಕ್ಕೋರೇ, ಬುಡಕ್ಕೇ ಕೈಹಾಕಿದ್ದೀರಿ. ಸಿಗುವುದು ಮೇಲಿರುವ ಆ ಒಂದು ಗೆರೆಯ ಖಾಲಿ ಜಾಗ. ನೀವು ಅಲ್ಲಿ ಏನೇ ಟೈಪ್ ಮಾಡಿದರೂ ಅದು ಯಾವುದೋ ಸರ್ಚ್ ಇಂಜಿನ್‌ಗೆ ಹೋಗುತ್ತದೆ. ಸರ್ಚ್ ಜೊತೆಗೆ ಜಾಹೀರಾತು ಬರುತ್ತದೆ. ಜಾಹೀರಾತಿನಿಂದ ದುಡ್ಡು. ಆಪಲ್‌ನ ಸಫಾರಿಯಲ್ಲಿ ಗೂಗಲ್ಲೇ ಮೊದಲ ಸರ್ಚ್ ಆಗಿರಲಿ ಅಂತ 2022ರಲ್ಲಿ ಗೂಗಲ್ ಕೊಟ್ಟದ್ದು ಸುಮಾರು 2,000 ಕೋಟಿ ಡಾಲರ್. ಅಮೆರಿಕದ ಕೋರ್ಟಿನಲ್ಲಿ ಇದು ಹೊರಬಿತ್ತು. ಇನ್ನೂ ವಿಚಿತ್ರ ಕೇಳಿ. ಗೂಗಲ್‌ಗೆ ಎದುರಾಳಿಯಾಗಿರುವ ಫೈರ್‌ಫಾಕ್ಸ್‌ನ ಆದಾಯದ ಬಹುಪಾಲೂ ಗೂಗಲ್‌ನಿಂದಲೇ ಬರುತ್ತದೆ!

ಜಗಳ ಹಳೆಯದು. 1994ರಲ್ಲಿ ನೆಟ್‌ಸ್ಕೇಪ್ ಬಂದಾಗ ಕಂಪನಿಗಳು ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಮಾರನೇ ವರ್ಷ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್ ತಂದು, ಆಮೇಲೆ ವಿಂಡೋಸ್ ಜೊತೆಗೇ ಪುಕ್ಕಟೆ ಕೊಟ್ಟಿತು. ಕಂಪ್ಯೂಟರ್ ಜೊತೆಗೇ ಬಂದದ್ದನ್ನು ಬಿಟ್ಟು ಯಾರು ಬೇರೆ ಹುಡುಕುತ್ತಾರೆ? 1998ರಲ್ಲಿ ಅಮೆರಿಕ ಸರ್ಕಾರ ಕೇಸ್ ಹಾಕುವ ಹೊತ್ತಿಗೆ ನೆಟ್‌ಸ್ಕೇಪ್ ಸೋತು ಸುಣ್ಣವಾಗಿತ್ತು. ಗೆದ್ದವರು ಏನು ಮಾಡಿದರು ಗೊತ್ತಾ? ಸುಮ್ನೆ ಕೂತರು. ಎಕ್ಸ್‌ಪ್ಲೋರರ್ 6 ಬಂದದ್ದು 2001ರಲ್ಲಿ, 7 ಬಂದದ್ದು 2006ರಲ್ಲಿ. ಐದು ವರ್ಷ ನಮ್ಮ ಇಂಟರ್ನೆಟ್ ಸೆಂಟರ್‌ಗಳಲ್ಲೆಲ್ಲ ಅದೇ ಹಳೇ ಕಿಟಕಿ. ಒಂದೊಂದು ಪುಟಕ್ಕೂ ಒಂದೊಂದು ಕಿಟಕಿ, ಮೇಲೆ ಮೇಲೆ ಪಾಪ್‌ಅಪ್. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂದು, ಟ್ಯಾಬ್ ಮತ್ತು ಪಾಪ್‌ಅಪ್ ತಡೆ ಕೊಟ್ಟು ಜನರನ್ನು ಎಳೆದುಕೊಂಡ ಮೇಲೆಯೇ ಎಕ್ಸ್‌ಪ್ಲೋರರ್‌ಗೂ ಟ್ಯಾಬ್ ಬಂದದ್ದು. 2008ರಲ್ಲಿ ಕ್ರೋಮ್ ಬಂತು. ಈಗ ಅಂದಿನ ಎಕ್ಸ್‌ಪ್ಲೋರರ್ ಜಾಗದಲ್ಲಿ ಕ್ರೋಮ್ ಕೂತಿದೆ.

ಗೂಗಲ್ ಸರ್ಚ್‌ನಲ್ಲಿ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಕ್ರೋಮನ್ನೇ ಮಾರಿಸಬೇಕು ಅಂತ ಸರ್ಕಾರ ಕೇಳಿತ್ತು. ಪರ್‌ಪ್ಲೆಕ್ಸಿಟಿ ಎಂಬ ಎಐ ಕಂಪನಿ 3,450 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂತ ಮುಂದೆ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಮಾರುವುದು ಬೇಡ ಅಂದಿತು, ಆದರೆ ‘ನಮ್ಮದನ್ನು ಮಾತ್ರ ಇಡಿ’ ಎನ್ನುವ ಒಪ್ಪಂದ ಮಾಡಿಕೊಳ್ಳಬಾರದು ಎಂದಿತು. ದುಡ್ಡು ಕೊಡುವುದಕ್ಕೆ ಪೂರ್ತಿ ತಡೆ ಹಾಕಲಿಲ್ಲ. ನಮ್ಮಲ್ಲೂ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಯಾವ ಸೌಲಭ್ಯ ಯಾರಿಂದ ಬರುತ್ತದೆ ಎನ್ನುವುದನ್ನು ಈ ದುಡ್ಡೇ ನಿರ್ಧರಿಸುತ್ತದೆ. ಟ್ಯಾಬ್ ಗುಂಪು, ಮೆಮೊರಿ ಉಳಿತಾಯ ಇಂಥವನ್ನು ಎಲ್ಲರೂ ಒಬ್ಬರನ್ನು ನೋಡಿ ಒಬ್ಬರು ಕೊಡುತ್ತಾರೆ. ಯಾರ ಜೇಬಿಗೂ ಕತ್ತರಿ ಬೀಳಲ್ಲ. ಜಾಹೀರಾತು ತಡೆಯುವ ವಿಷಯಕ್ಕೆ ಬಂದಾಗ ಆಟ ಬೇರೆ. ಯೂಬ್ಲಾಕ್ ಆರಿಜಿನ್ ಎಂಬ ಹೆಸರಾಂತ ಎಕ್ಸ್‌ಟೆನ್ಷನ್ 2024–25ರಲ್ಲಿ ಕ್ರೋಮ್‌ನಲ್ಲಿ ನಿಂತುಹೋಯಿತು. ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಿಸಿದ್ದು ಸುರಕ್ಷತೆಗಾಗಿ ಅಂತ ಗೂಗಲ್ ಹೇಳುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಈಗ ಕ್ರೋಮ್‌ಗೆ ಸಿಗುವುದು ಅದರ ಲೈಟ್ ರೂಪ ಮಾತ್ರ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ರೂಪ ನಡೆಯುತ್ತದೆ, ಬ್ರೇವ್‌ನಲ್ಲಿ ಜಾಹೀರಾತು ತಡೆ ಒಳಗೇ ಇದೆ. ಸೈಟ್‌ನಿಂದ ಸೈಟಿಗೆ ನಮ್ಮ ಬೆನ್ನು ಹತ್ತುವ ಕುಕೀಗಳ (ಸೈಟ್‌ಗಳು ನಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಪುಟ್ಟ ಗುರುತಿನ ಚೀಟಿ) ಕಥೆಯೂ ಇದೇ. ಫೈರ್‌ಫಾಕ್ಸ್ 2022ರಲ್ಲಿ ಒಂದು ಸೈಟಿನ ಕುಕೀ ಇನ್ನೊಂದಕ್ಕೆ ಕಾಣದಂತೆ ಎಲ್ಲರಿಗೂ ತಾನಾಗಿಯೇ ಮಾಡಿತು. ಕ್ರೋಮ್ ವರ್ಷಗಟ್ಟಲೆ ತೆಗೆಯುತ್ತೇವೆ, ತೆಗೆಯುತ್ತೇವೆ ಅಂದು 2024ರಲ್ಲಿ ಹಿಂದೆ ಸರಿಯಿತು.

ದೇಶದ ಬ್ರೌಸರ್ ಇದೆ. ಝೋಹೋ ಕಂಪನಿಯ ‘ಉಲಾ’ 2023ರಲ್ಲಿ ಬಂತು. ಸ್ವದೇಶಿ ಬ್ರೌಸರ್‌ಗಾಗಿ ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ 2025ರಲ್ಲಿ ಝೋಹೋ ತಂಡಕ್ಕೇ ಮೊದಲ ಬಹುಮಾನ. ಕೆಲಸಕ್ಕೊಂದು, ಮಕ್ಕಳಿಗೊಂದು ಅಂತ ಬೇರೆ ಬೇರೆ ಮೋಡ್ ಇರುವುದು ಚೆನ್ನಾಗಿದೆ. ಆದರೆ ಅದರ ಒಳಗಿರುವುದೂ ಕ್ರೋಮಿಯಂ. ನನ್ನನ್ನು ಕೇಳಿದರೆ ಬ್ಯಾಂಕ್, ಸರ್ಕಾರಿ ಕೆಲಸಕ್ಕೆ ಕ್ರೋಮ್ ಅಥವಾ ಎಡ್ಜ್ ಇಟ್ಟುಕೊಳ್ಳಿ, ಪೇಪರ್ ಓದಲು, ಅಡುಗೆ ನೋಡಲು ಫೈರ್‌ಫಾಕ್ಸ್ ಬಳಸಿ. ಜಾಹೀರಾತು ತಡೆ ಹಾಕಿಕೊಂಡರೆ ನೀವು ಇಷ್ಟಪಡುವ ಸಣ್ಣ ಕನ್ನಡ ಸೈಟ್‌ಗಳಿಗೆ ಮಾತ್ರ ವಿನಾಯಿತಿ ಕೊಡಿ. ಅವರ ಹೊಟ್ಟೆ ತುಂಬುವುದೂ ಅದರಿಂದಲೇ.

ಪ್ರಶ್ನೆ: ಇನ್‌ಕಾಗ್ನಿಟೋದಲ್ಲಿ ನೋಡಿದರೆ ಕಾಲೇಜ್ ವೈಫೈನವರಿಗೆ ಗೊತ್ತಾಗಲ್ಲ ಅಲ್ವಾ?
– ಹೆಸರು ಬೇಡ ಎಂದವರು, ಹಾವೇರಿ

ಉತ್ತರ: ಯಾವ ಸೈಟಿಗೆ ಹೋದಿರಿ ಅನ್ನುವುದು ಗೊತ್ತಾಗುತ್ತದೆ. ಇನ್‌ಕಾಗ್ನಿಟೋ ನಿಮ್ಮ ಮೊಬೈಲ್‌ನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಅಣ್ಣನಿಂದ ಮುಚ್ಚಿಡಬಹುದು, ಕಾಲೇಜಿನಿಂದಲ್ಲ.

ಪ್ರಶ್ನೆ: ಎಐ ಬ್ರೌಸರ್‌ಗಳು ಬಂದಿವೆ, ನಮ್ಮ ಬದಲು ಅವೇ ಕ್ಲಿಕ್ ಮಾಡಿ ಟಿಕೆಟ್ ಬುಕ್ ಮಾಡುತ್ತವಂತೆ. ಬಳಸಬಹುದಾ?
– ಸಾಫ್ಟ್‌ವೇರ್ ಕಂಪನಿಯಲ್ಲಿ ಅಕೌಂಟ್ಸ್ ನೋಡುವವರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪರ್‌ಪ್ಲೆಕ್ಸಿಟಿಯ ಕಾಮೆಟ್ 2025ರ ಜುಲೈನಲ್ಲಿ ಬಂತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನ ಅಟ್ಲಾಸ್ ಅಕ್ಟೋಬರ್‌ನಲ್ಲಿ, ಮೊದಲು ಮ್ಯಾಕ್‌ಗೆ. ಎರಡೂ ಕ್ರೋಮಿಯಂ ಮೇಲೆಯೇ ಕಟ್ಟಿದವು. ಅವರೆಲ್ಲ ಯಾಕೆ ಬ್ರೌಸರ್ ಮಾಡುತ್ತಿದ್ದಾರೆ ಅಂತ ಅಕ್ಕೋರಿಗೆ ಕೊಟ್ಟ ಉತ್ತರ ಓದಿದರೆ ತಿಳಿಯುತ್ತದೆ: ಆ ಒಂದು ಗೆರೆಯ ಖಾಲಿ ಜಾಗ ಈಗ ಅವರಿಗೂ ಬೇಕು.

ಉದ್ದನೆಯ ಇಂಗ್ಲಿಷ್ ಸುತ್ತೋಲೆ ತೆರೆದು ‘ಇದರಲ್ಲಿ ಕೊನೇ ದಿನಾಂಕ ಯಾವುದು, ಶುಲ್ಕ ಎಷ್ಟು, ಕನ್ನಡದಲ್ಲಿ ಹೇಳು’ ಅಂತ ಕೇಳಲು ಇವು ಚೆನ್ನಾಗಿವೆ. ಹೇಳಿದ ದಿನಾಂಕವನ್ನು ಮೂಲದಲ್ಲಿ ಒಮ್ಮೆ ನೋಡಿಕೊಳ್ಳಿ. ಬರೀ ಇಷ್ಟಕ್ಕೆ ಹೊಸ ಬ್ರೌಸರ್ ಬೇಕಿಲ್ಲ, ಎಡ್ಜ್‌ನಲ್ಲಿ ಕೋಪೈಲಟ್ ಎಂಬ ಎಐ ಸಹಾಯಕ ಇದೆ.

ತಾನೇ ಕ್ಲಿಕ್ ಮಾಡುವ ಕೆಲಸ ಮಾತ್ರ ಈಗಲೇ ಬೇಡ. ಎಐ ಪುಟವನ್ನು ಓದುವಾಗ ಅಲ್ಲಿ ನಮ್ಮ ಕಣ್ಣಿಗೆ ಕಾಣದಂತೆ ಬರೆದಿಟ್ಟ ಸಾಲನ್ನೂ ಓದುತ್ತದೆ. ‘ಇವರ ಮೇಲ್ ತೆರೆದು ಒಟಿಪಿ ಇಲ್ಲಿಗೆ ಕಳಿಸು’ ಅಂತ ಅಲ್ಲಿ ಬರೆದಿದ್ದರೆ, ಅದು ನೀವೇ ಹೇಳಿದ್ದು ಅಂದುಕೊಂಡು ಮಾಡಿಬಿಡಬಹುದು. 2025ರ ಆಗಸ್ಟ್‌ನಲ್ಲಿ ಬ್ರೇವ್ ಕಂಪನಿಯ ತಜ್ಞರು ಕಾಮೆಟ್‌ನಲ್ಲಿ ಇಂಥದ್ದನ್ನೇ ಮಾಡಿ ತೋರಿಸಿದರು. ಎದುರಾಳಿಯ ಹುಳುಕು ಹುಡುಕುವುದರಲ್ಲಿ ಅವರಿಗೆ ಸ್ವಂತ ಲಾಭ ಇತ್ತು, ನಿಜ. ಹುಳುಕೂ ನಿಜವೇ ಆಗಿತ್ತು. ಕಂಪನಿಗಳು ಸರಿಪಡಿಸುತ್ತಾ ಹೋಗುತ್ತಿವೆ, ಆದರೆ ಈ ಥರದ ಮೋಸಕ್ಕೆ ಇನ್ನೂ ಪೂರ್ತಿ ಮದ್ದು ಸಿಕ್ಕಿಲ್ಲ.

ನೀವು ಅಕೌಂಟ್ಸ್‌ನಲ್ಲಿ ಇದ್ದೀರಿ. ಕಂಪನಿಯ ಮೇಲ್, ಜಿಎಸ್‌ಟಿ ಪೋರ್ಟಲ್, ನೆಟ್‌ಬ್ಯಾಂಕಿಂಗ್ ಯಾವುದಕ್ಕೂ ಎಐ ಬ್ರೌಸರ್‌ನಲ್ಲಿ ಲಾಗಿನ್ ಆಗಬೇಡಿ. ಪ್ರಯೋಗ ಮಾಡುವ ಆಸೆ ಇದ್ದರೆ ಬೇರೆ ಒಂದು ಖಾಲಿ ಮೇಲ್ ಐಡಿ ಮಾಡಿಕೊಂಡು, ಮನೆಯ ಕಂಪ್ಯೂಟರ್‌ನಲ್ಲಿ ಮಾಡಿ. ಟಿಕೆಟ್ ಹುಡುಕುವುದನ್ನು ಅದಕ್ಕೆ ಬಿಡಿ, ದುಡ್ಡು ಕಟ್ಟುವ ಬಟನ್ ನೀವೇ ಒತ್ತಿ.